ಹೆಸರು ಕೇಳಿದ ಮೇಷ್ಟ್ರು

ಕರಿಬಸವಯ್ಯನವರ ಕಷ್ಟಕ್ಕೆಲ್ಲ ಮೂಲ ಅವರು ನಕ್ಕಿದ್ದು. ಅದೂ ಒಂದೇ ಒಂದು ಸಲ, ಸೋಮವಾರ ಬೆಳಗ್ಗೆ, ದ್ವಿತೀಯ ಪಿಯುಸಿ ಮಕ್ಕಳ ಮುಂದೆ.

ಮೈಸೂರಿನ ಮಂಡಿ ಮೊಹಲ್ಲಾದ ಒಂದು ಸಂದಿಯಲ್ಲಿ, ಕೆಳಗೆ ಬೆಲ್ಲದ ಸಗಟು ಅಂಗಡಿ, ಮೇಲೆ ತರಗತಿಗಳು ಎಂಬಂತಿದ್ದ ಖಾಸಗಿ ಕಾಲೇಜಿನಲ್ಲಿ ಅವರು ಭೌತಶಾಸ್ತ್ರದ ಉಪನ್ಯಾಸಕರು. ಪಾಠದಲ್ಲಿ ಹುಲಿ. ದುರದೃಷ್ಟವಶಾತ್ ಮುಖವೂ ಹುಲಿಯದೇ. ಮಕ್ಕಳು ಅವರಿಗೆ ಇಟ್ಟಿದ್ದ ಹೆಸರು ‘ಕಾರ್ಮೋಡ’. ಅವರು ಮಾತ್ರ ಯಾವ ಮಗುವನ್ನೂ ಹೆಸರು ಹಿಡಿದು ಕರೆದವರಲ್ಲ. “ಮೂರನೇ ಬೆಂಚು, ಗೋಡೆ ಪಕ್ಕ, ಏಳು ಮೇಲೆ!” ಎನ್ನುವರು. ಕತ್ತಲಾದ ಥಿಯೇಟರಿನಲ್ಲಿ ಟಾರ್ಚು ಬಿಟ್ಟು ಸೀಟು ಹುಡುಕುವವರ ಹಾಗೆ.

ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ. ಆದರೆ ಶನಿವಾರ ಪ್ರಿನ್ಸಿಪಾಲರಾದ ಸರೋಜಮ್ಮನವರು ಅವರನ್ನು ಕೋಣೆಗೆ ಕರೆಸಿದರು.

“ಕರಿಬಸವಯ್ಯನವರೇ, ಕುಸುಮ ಟಿಸಿ ತಗೊಂಡು ಹೊರಟುಹೋದಳು. ಬೇರೆ ಕಡೆ ಮತ್ತೆ ಮೊದಲನೇ ವರ್ಷದಿಂದ ಆರ್ಟ್ಸ್ ಸೇರ್ತಾಳಂತೆ. ಯಾಕಮ್ಮ ಅಂದೆ. ‘ಫಿಸಿಕ್ಸ್ ಇಷ್ಟ ಮೇಡಂ, ಆದ್ರೆ ಸಾರ್ ಬಾಗಿಲಲ್ಲಿ ಕಾಣಿಸಿದ ತಕ್ಷಣ ಓದಿದ್ದೆಲ್ಲ ಮರೆತುಹೋಗುತ್ತೆ’ ಅಂದಳು.”

ಕರಿಬಸವಯ್ಯನವರು ಹುಬ್ಬು ಗಂಟಿಕ್ಕಿ ನೆನಪು ಮಾಡಿಕೊಳ್ಳಲು ನೋಡಿದರು. “ಯಾವ ಬೆಂಚು ಮೇಡಂ?”

ಸರೋಜಮ್ಮನವರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. “ಹೆಸರು ಹೇಳಿದೆನಲ್ಲ,” ಎಂದರು. ಆಮೇಲೆ ದನಿ ತಗ್ಗಿಸಿ, “ಸ್ವಲ್ಪ ನಗೀಪ್ಪ. ಹೆಸರು ಕೇಳಿ. ನಿಮ್ಮದೂ ಒಂದೆರಡು ಮಾತು ಹೇಳಿಕೊಳ್ಳಿ. ಮೇಷ್ಟ್ರು ಹಿಡಿಸಿದ್ರೆ ತಾನೇ ಪಾಠ ಹಿಡಿಸೋದು?” ಎಂದರು.

ಭಾನುವಾರವಿಡೀ ಕರಿಬಸವಯ್ಯನವರು ಕುಸುಮಳ ಮುಖವನ್ನು ಜ್ಞಾಪಿಸಿಕೊಳ್ಳಲು ಹೆಣಗಿದರು. ಎರಡು ಜಡೆಯೋ, ಒಂದು ಜಡೆಯೋ? ಕನ್ನಡಕ ಇತ್ತೋ, ಇಲ್ಲವೋ? ಒಂದೂ ನೆನಪಿಗೆ ಬರಲಿಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾಲ ತಮ್ಮೆದುರಿಗೆ ಕುಳಿತು ಹೆದರಿದ ಹುಡುಗಿ, ಒರೆಸಿದ ಬೋರ್ಡಿನ ಹಾಗೆ ಗುರುತೇ ಇಲ್ಲದೆ ಹೋಗಿಬಿಟ್ಟಿದ್ದಳು. ಮಧ್ಯಾಹ್ನದ ಊಟ ಅವರಿಗೆ ರುಚಿಸಲಿಲ್ಲ.

ಸೋಮವಾರ ಬೆಳಗ್ಗೆ ಕನ್ನಡಿಯ ಮುಂದೆ ನಿಂತು ನಗುವುದನ್ನು ಅಭ್ಯಾಸ ಮಾಡುತ್ತಿದ್ದಾಗ ಹೆಂಡತಿ ಪಾರ್ವತಮ್ಮ ಇಣುಕಿದರು.

“ಏನ್ರೀ, ಹಲ್ಲು ನೋವಾ? ಲವಂಗ ತರಲಾ?”

“ನಗ್ತಾ ಇದೀನಿ ಕಣೆ.”

“ಇದು ನಗುನಾ?” ಪಾರ್ವತಮ್ಮ ಹತ್ತಿರ ಬಂದು ಪರೀಕ್ಷಿಸಿದರು. “ಬರೀ ಬಾಯಿ ಅಗಲಿಸಿದ್ರೆ ಆಗಲ್ಲ. ಕಣ್ಣೂ ಸೇರ್ಕೋಬೇಕು. ಮದುವೆ ಫೋಟೋದಲ್ಲೂ ನೀವು ಹಿಂಗೇ ಇದ್ರಿ. ನಮ್ಮಪ್ಪ, ಹುಡುಗನಿಗೆ ಒಪ್ಪಿಗೆ ಇಲ್ವೇನೋ ಅಂತ ಹೆದರಿಕೊಂಡಿದ್ರು.”

ಅರ್ಧಂಬರ್ಧ ಕಲಿತ ಆ ನಗುವನ್ನು, ಅಲುಗಿದರೆ ಚೆಲ್ಲಿಹೋಗುವ ಎಣ್ಣೆಯ ಬಟ್ಟಲಿನಂತೆ ಜೋಪಾನವಾಗಿ ಹೊತ್ತು ಅವರು ತರಗತಿಗೆ ಹೋದರು. ಬಾಗಿಲಲ್ಲಿ ನಿಂತು ನಕ್ಕರು.

ಮಕ್ಕಳು ಬೆಟ್ಟದ ತಪ್ಪಲಲ್ಲಿ ಚಿರತೆ ಎದುರಾದವರಂತೆ ಅಲುಗಾಡದೆ ನಿಂತರು.

“ಕೂತ್ಕೊಳ್ಳಿ, ಕೂತ್ಕೊಳ್ಳಿ,” ಎನ್ನುತ್ತ ಕರಿಬಸವಯ್ಯನವರು ಮೂರನೇ ಬೆಂಚಿನ ಗೋಡೆ ಪಕ್ಕದ ಹುಡುಗನ ಬಳಿಗೆ ಹೋದರು. “ನಿನ್ನ ಹೆಸರೇನಪ್ಪಾ?”

“ನಾನೇನೂ ಮಾಡಿಲ್ಲ ಸಾರ್.”

“ಹೆಸರು ಕೇಳಿದೆ ಕಣೋ.”

“ಸಿದ್ದು ಸಾರ್. ಮಾತಾಡಿದ್ದು ಇವ್ನು ಸಾರ್, ನಾನಲ್ಲ!”

ಪಕ್ಕದಲ್ಲಿದ್ದವನು ಚೈತನ್ಯ. ಅವನ ಅಪ್ಪನಿಗೆ ಉದಯಗಿರಿಯಲ್ಲಿ ಮದುವೆ ಮನೆಗಳಿಗೆ ಪೇಟ, ಶಾಲು ಬಾಡಿಗೆಗೆ ಕೊಡುವ ಅಂಗಡಿ. ಮುಂದಿನ ಬೆಂಚಿನ ಹುಡುಗಿ ಅಕ್ಷತಾ. ಹೆಸರು ಹೇಳುವಷ್ಟರಲ್ಲೇ ಕೈಯಲ್ಲಿದ್ದ ಪೆನ್ನು ಬೀಳಿಸಿದಳು. ಕರಿಬಸವಯ್ಯನವರೇ ಬಗ್ಗಿ ಎತ್ತಿಕೊಟ್ಟರು. ಕ್ಲಾಸಿನಲ್ಲಿ ಯಾರೋ ಸಣ್ಣಗೆ “ಅಯ್ಯೋ” ಎಂದರು.

ಆಮೇಲೆ ಅವರು ಮೇಜಿನ ಮುಂದೆ ಬಂದು ನಿಂತರು. ಹೇಳಬೇಕೆಂದು ರಾತ್ರಿಯೆಲ್ಲ ಕಟ್ಟಿಕೊಂಡಿದ್ದ ಮಾತನ್ನು ಹೊರತೆಗೆದರು.

“ನೋಡಿ ಮಕ್ಕಳೇ. ಇಷ್ಟು ದಿನ ನಿಮ್ಮನ್ನ ಬಹಳ ಬೈದಿದೀನಿ. ಹೆಸರು ಕೂಡ ಕೇಳಲಿಲ್ಲ. ಮನಸ್ಸಲ್ಲಿ ಇಟ್ಕೋಬೇಡಿ. ಇನ್ಮೇಲೆ ಈ ಕ್ಲಾಸಲ್ಲಿ ಆ ಕರಿಬಸವಯ್ಯ ಇರೋದಿಲ್ಲ.”

‘ಆ’ ಕರಿಬಸವಯ್ಯ ಎಂದರೆ, ಬೈಯುವ ಕರಿಬಸವಯ್ಯ ಎಂದು ಅವರ ಅಭಿಪ್ರಾಯ. ಆದರೆ ತಲೆಯ ಮೇಲೆ ಕಟಕಟ ಎನ್ನುತ್ತಿದ್ದ ಫ್ಯಾನು ಆ ಒಂದಕ್ಷರವನ್ನು ನುಂಗಿಬಿಟ್ಟಿತು. ಮಕ್ಕಳ ಕಿವಿಗೆ ಬಿದ್ದದ್ದು ‘ಇನ್ಮೇಲೆ ಈ ಕ್ಲಾಸಲ್ಲಿ ಕರಿಬಸವಯ್ಯ ಇರೋದಿಲ್ಲ’ ಎಂದು ಮಾತ್ರ. ಅಷ್ಟರಲ್ಲಿ ಅವರಿಗೆ ಮತ್ತೆ ಕುಸುಮಳ ನೆನಪಾಗಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಇನ್ನು ಅನುಮಾನಕ್ಕೆ ಜಾಗವೆಲ್ಲಿ? ಅಕ್ಷತಾ ಅತ್ತೇಬಿಟ್ಟಳು.

ತಮ್ಮ ಎರಡು ಮಾತಿಗೆ ಮಕ್ಕಳು ಇಷ್ಟು ಕರಗಿದ್ದನ್ನು ಕಂಡು ಕರಿಬಸವಯ್ಯನವರು ದಂಗಾದರು. ‘ಛೆ, ಎಷ್ಟು ಸುಲಭ! ಈ ಬುದ್ಧಿ ಮೊದಲೇ ಯಾಕೆ ಬರಲಿಲ್ಲ?’ ಎಂದುಕೊಂಡು ಸ್ಟಾಫ್ ರೂಮಿಗೆ ಬಂದರು. ಸುದ್ದಿ ಅವರಿಗಿಂತ ಮುಂಚೆ ಬಂದು ಕುಳಿತಿತ್ತು.

ಕಾಮರ್ಸ್ ವಿಭಾಗದ ದಿಲೀಪ್ ಎದ್ದು ಬಂದು ಅವರ ಎರಡೂ ಕೈ ಹಿಡಿದುಕೊಂಡ. ಕಾಲೇಜಿನಲ್ಲಿ ಯಾರ ಮನೆಯಲ್ಲಿ ಏನು ಸಾರು ಎಂಬುದು ಕೂಡ ತಿಳಿದಿರುವ ಆಸಾಮಿ ಅವನು.

“ಸಾರ್, ಮಕ್ಕಳು ಹೇಳ್ತಿರೋದು ನಿಜವಾ?”

“ಹೌದಪ್ಪಾ. ತೀರ್ಮಾನ ಮಾಡಿಬಿಟ್ಟೆ. ಇಷ್ಟು ವರ್ಷ ಹಂಗೇ ಕಳೆದದ್ದು ಸಾಕು, ಒಂದು ಬದಲಾವಣೆ ಬೇಕು ಅನ್ನಿಸ್ತು.”

“ಮನೇಲಿ ಒಪ್ಪಿದ್ರಾ?”

“ಅವಳೇ ಬೆಳಗ್ಗೆ ಕನ್ನಡಿ ಮುಂದೆ ನಿಲ್ಲಿಸಿ ಹೇಳಿಕೊಟ್ಟಳು.”

ಕನ್ನಡಿಗೂ ಕೆಲಸ ಬಿಡುವುದಕ್ಕೂ ಏನು ಸಂಬಂಧ ಎಂಬುದು ದಿಲೀಪನಿಗೆ ಹೊಳೆಯಲಿಲ್ಲ. ಆದರೆ ಅವನ ಕಣ್ಣು ಬೇರೆಲ್ಲೋ ಇತ್ತು. “ಸಾರ್, ತಪ್ಪು ತಿಳ್ಕೋಬೇಡಿ. ಕಿಟಕಿ ಪಕ್ಕದ ಆ ನಿಮ್ಮ ಕುರ್ಚಿ... ಅಲ್ಲಿ ಗಾಳಿ ಚೆನ್ನಾಗಿ ಬರುತ್ತೆ. ಅದು ನನಗೇ ಅಂತ ಒಂದು ಮಾತು ಹೇಳಿಬಿಡಿ. ಆಮೇಲೆ ಇವರೆಲ್ಲ ಜಗಳಕ್ಕೆ ಬರ್ತಾರೆ.”

ಹೊಸದಾಗಿ ಒಳ್ಳೆಯವರಾಗಿದ್ದ ಕರಿಬಸವಯ್ಯನವರಿಗೆ ಬೇಡ ಎನ್ನಲು ಬಾಯಿ ಬರಲಿಲ್ಲ. “ತಗೋಪ್ಪ,” ಎಂದರು. ಪಾರ್ವತಮ್ಮ ಹೊಲಿದುಕೊಟ್ಟಿದ್ದ ಮೆತ್ತೆಯ ಸಮೇತ ಕುರ್ಚಿ ದಿಲೀಪನ ಪಾಲಾಯಿತು. ಕರಿಬಸವಯ್ಯನವರು ಲ್ಯಾಬಿನಿಂದ ಒಂದು ಸ್ಟೂಲು ತಂದು ಹಾಕಿಕೊಂಡರು.

ಕ್ಯಾಂಟೀನಿನ ಚಿಕ್ಕಮಾದಮ್ಮ ಅಂದು ಕೇಳದೆಯೇ ಎರಡು ಉದ್ದಿನ ವಡೆ ತಂದಿಟ್ಟಳು. “ತಿನ್ನಿ ಸಾ. ಇನ್ನೆಲ್ ತಿಂತೀರಿ ನಮ್ ಕೈ ಅಡ್ಗೆಯ? ನಿಮ್ ಬಾಯಿ ಬಿರ್ಸು ಅಷ್ಟೇಯ, ಮನ್ಸು ಬೆಣ್ಣೆ ಅಂತ ನಂಗ್ ಮೊದ್ಲಿಂದ್ಲೂ ಗೊತ್ತಿತ್ತು ಬುಡಿ,” ಎಂದು ಸೆರಗಿನಲ್ಲಿ ಮೂಗೊರೆಸಿಕೊಂಡಳು. ಡಾಕ್ಟರು ಎಣ್ಣೆ ತಿಂಡಿ ಬಿಡಲು ಹೇಳಿದ್ದು ಇವಳಿಗೆ ಹೇಗೆ ತಿಳಿಯಿತಪ್ಪಾ ಎಂದು ಆಶ್ಚರ್ಯಪಡುತ್ತಲೇ ಅವರು ಎರಡನ್ನೂ ತಿಂದರು.

ವಡೆಯ ಕೈ ತೊಳೆಯುವಷ್ಟರಲ್ಲಿ ಪ್ರಿನ್ಸಿಪಾಲರಿಂದ ಕರೆ ಬಂತು. ಸರೋಜಮ್ಮನವರ ಮುಖ ಬಾಡಿತ್ತು.

“ಕರಿಬಸವಯ್ಯನವರೇ, ಶನಿವಾರ ನಾನು ಆಡಿದ ಮಾತು ಇಷ್ಟು ಮನಸ್ಸಿಗೆ ಹಚ್ಕೊಂಡ್ರಾ? ಅದಕ್ಕೇ ಈ ತೀರ್ಮಾನಾನಾ?”

“ಅದಕ್ಕೇ ಮೇಡಂ. ನೀವು ಕಣ್ಣು ತೆರೆಸಿದ್ರಿ. ನಿಮ್ಮ ಉಪಕಾರ ಮರೆಯಲ್ಲ.”

“ಇನ್ನೊಂದು ಸಲ ಯೋಚನೆ ಮಾಡಬಹುದಿತ್ತು.”

“ಇಲ್ಲ ಮೇಡಂ,” ಕರಿಬಸವಯ್ಯನವರು ಗಟ್ಟಿ ದನಿಯಲ್ಲಿ ಹೇಳಿದರು. “ಮಕ್ಕಳಿಗೂ ಹೇಳಿ ಆಯ್ತು. ಇನ್ನು ಹಿಂದೆ ಸರಿಯೋ ಮಾತೇ ಇಲ್ಲ.”

ಸರೋಜಮ್ಮನವರು ನಿಟ್ಟುಸಿರು ಬಿಟ್ಟರು. “ಹಾಗಿದ್ರೆ ಆಡಳಿತ ಮಂಡಳಿ ಸೆಕ್ರೆಟರಿಯವರಿಗೆ ತಿಳಿಸಿಬಿಡ್ತೀನಿ.”

“ದಯವಿಟ್ಟು ತಿಳಿಸಿ ಮೇಡಂ! ಅವರಿಗೂ ಸಂತೋಷ ಆಗುತ್ತೆ.”

ಸಂತೋಷವೇನೋ ಆಯಿತು. ಅದು ಆಮೇಲಿನ ಮಾತು.

ಮಧ್ಯಾಹ್ನ ಲ್ಯಾಬಿನಲ್ಲಿ ಮಕ್ಕಳು ದೇವಸ್ಥಾನದಲ್ಲಿ ನಡೆದಂತೆ ನಡೆದರು. ಯಾರೂ ಗಾಜಿನ ಸಾಮಾನು ಒಡೆಯಲಿಲ್ಲ. ಸಿದ್ದು ತಾನಾಗಿಯೇ ಬಂದು ಅವರ ಸ್ಟೂಲು ಒರೆಸಿ ಹೋದ. ಕೊನೆಯ ಗಂಟೆ ಹೊಡೆಯುತ್ತಿದ್ದಂತೆ ಅಕ್ಷತಾ, ಚೈತನ್ಯ ಇಬ್ಬರೂ ಬಂದು, “ಸಾರ್, ಒಂದೈದು ನಿಮಿಷ ಹಾಲಿಗೆ ಬನ್ನಿ ಸಾರ್,” ಎಂದು ಕರೆದರು.

ಹಾಲಿನಲ್ಲಿ ಕಾಲೇಜಿಗೆ ಕಾಲೇಜೇ ನೆರೆದಿತ್ತು. ವೇದಿಕೆಯ ಮೇಲೆ ಕುರ್ಚಿ. ಅದು ಅವರದೇ ಕುರ್ಚಿ, ಮೆತ್ತೆ ಮಾತ್ರ ಇರಲಿಲ್ಲ. ಕೂರಿಸಿದರು. ಶಾಲು ಹೊದಿಸಿದರು, ಮಲ್ಲಿಗೆ ಹಾರ ಹಾಕಿದರು, ಹಣ್ಣಿನ ತಟ್ಟೆ ಕೊಟ್ಟರು. ಚೈತನ್ಯ ಅಪ್ಪನ ಅಂಗಡಿಯಿಂದ ತಂದಿದ್ದ ಮೈಸೂರು ಪೇಟವನ್ನು ಅವರ ತಲೆಗೆ ತೊಡಿಸಿದ. ಯಾವುದೋ ಸಣ್ಣ ತಲೆಯ ಮದುಮಗನ ಪೇಟ ಅದು. ತಲೆಯೊಳಗೆ ಇಳಿಯದೆ, ಚೊಂಬಿನ ಮೇಲಿಟ್ಟ ತೆಂಗಿನಕಾಯಿಯಂತೆ ಮೇಲೆಯೇ ಕುಳಿತಿತ್ತು. ದಿಲೀಪ್ ಫೋನಿನಲ್ಲಿ ಫೋಟೋ ಹೊಡೆದು ಊರಿಗೆಲ್ಲ ಕಳಿಸಿದ.

ಬೆಳಗ್ಗೆ ನಕ್ಕದ್ದಕ್ಕೆ ಸಂಜೆ ಸನ್ಮಾನ! ಕರಿಬಸವಯ್ಯನವರಿಗೆ ಇದು ತುಸು ಅತಿ ಎನಿಸಿತು. ಆದರೂ ಪೇಟ ಬೀಳದಂತೆ ಕತ್ತು ನೆಟ್ಟಗೆ ಮಾಡಿ ಕುಳಿತರು.

ಮೊದಲು ಸಿದ್ದು ಮೈಕು ಹಿಡಿದ. “ಸಾರ್ ನನ್ನ ಬೈದಷ್ಟು ನಮ್ಮಪ್ಪನೂ ಬೈದಿಲ್ಲ. ಆದ್ರೆ ನಮ್ಮಪ್ಪ ಯಾಕ್ ಬೈತಾನೆ ಅಂತ ಅವ್ನಿಗೇ ಗೊತ್ತಿರಲ್ಲ. ಸಾರ್ ಬೈದ್ರೆ ಒಂದು ಲೆಕ್ಕನಾದ್ರೂ ಅರ್ಥ ಆಗ್ತಿತ್ತು,” ಎಂದ. ಎಲ್ಲರೂ ನಕ್ಕರು. ಕರಿಬಸವಯ್ಯನವರೂ ನಕ್ಕರು. ಈ ಸಲದ ನಗುವಿನಲ್ಲಿ ಕಣ್ಣೂ ಸೇರಿಕೊಂಡಿತ್ತು.

ಆಮೇಲೆ ಅಕ್ಷತಾ ಬಂದಳು.

“ಹೋದ ವರ್ಷ ನಾನೊಂದು ಉತ್ತರ ತಪ್ಪು ಹೇಳಿದ್ದೆ. ಸಾರ್ ‘ನಿನಗ್ಯಾಕಮ್ಮ ಇದೆಲ್ಲ, ಮನೆಗೆ ಹೋಗಿ ಮುದ್ದೆ ತಿರುವು’ ಅಂದ್ರು. ಮನೆಗೆ ಹೋಗಿ ತುಂಬಾ ಅತ್ತೆ. ಆಮೇಲೆ ಕ್ಲಾಸಲ್ಲಿ ಕೈ ಎತ್ತೋದೇ ಬಿಟ್ಟೆ. ಉತ್ತರ ಗೊತ್ತಿದ್ರೂ ಎತ್ತುತ್ತಿರಲಿಲ್ಲ. ಇವತ್ತು ಸಾರ್ ಬಗ್ಗಿ ನನ್ನ ಪೆನ್ನು ಎತ್ತಿಕೊಟ್ರು, ನನ್ನ ಹೆಸರು ಕೇಳಿದ್ರು. ನಂಗಷ್ಟೇ ಸಾಕು ಸಾರ್.”

ಕರಿಬಸವಯ್ಯನವರು ತಲೆ ತಗ್ಗಿಸಿದರು. ಪೇಟ ಜಾರಿ ಮಡಿಲಿಗೆ ಬಿತ್ತು, ಎತ್ತಿ ಇಟ್ಟುಕೊಳ್ಳಲಿಲ್ಲ. ಅವರಿಗೆ ಆ ಮಾತು ಆಡಿದ್ದೇ ನೆನಪಿರಲಿಲ್ಲ. ಎಷ್ಟು ತಡಕಿದರೂ ನೆನಪಾಗಲಿಲ್ಲ. ಆಡಿದವರು ಅಂದೇ ಮರೆತ ಮಾತನ್ನು ಈ ಮಗು ವರ್ಷವಿಡೀ ಹೊತ್ತುಕೊಂಡು ಅದೇ ಕೋಣೆಯಲ್ಲಿ, ತಮ್ಮ ಕಣ್ಣೆದುರಿಗೇ ಕುಳಿತಿತ್ತು. ಎದ್ದು ಹೋಗಿ ಅವಳ ಕೈ ಹಿಡಿದು ತಪ್ಪಾಯ್ತಮ್ಮ ಎನ್ನಬೇಕು ಎನಿಸಿತು. ಅಷ್ಟರಲ್ಲಿ ಅವಳು ವೇದಿಕೆ ಇಳಿದು ಹೋಗಿದ್ದಳು.

ಕೊನೆಯಲ್ಲಿ ಸರೋಜಮ್ಮನವರು ಮಾತಾಡಿದರು. “ಇಂಥ ಮೇಷ್ಟ್ರು ನಮ್ಮನ್ನ ಬಿಟ್ಟು ಹೋಗ್ತಿರೋದು ನಮ್ಮ ಕಾಲೇಜಿಗೆ ನಷ್ಟ. ಎಲ್ಲಿಗೆ, ಏನು ಅಂತ ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಎಲ್ಲೇ ಇರಲಿ, ಅವರ ಮುಂದಿನ ಜೀವನ ಸುಖವಾಗಿರಲಿ.”

ಕರಿಬಸವಯ್ಯನವರು ಅತ್ತಿತ್ತ ನೋಡಿದರು, ಬಿಟ್ಟು ಹೋಗುತ್ತಿರುವ ಮೇಷ್ಟ್ರು ಯಾರಿರಬಹುದು ಎಂದು. ವೇದಿಕೆಯ ಮೇಲೆ ಬೇರೆ ಯಾರೂ ಕುಳಿತಿರಲಿಲ್ಲ. ಹಾರದ ಕಡೆ ನೋಡಿಕೊಂಡರು. ಹಣ್ಣಿನ ತಟ್ಟೆ ನೋಡಿದರು. ಬೆಳಗ್ಗಿನಿಂದ ಒಬ್ಬೊಬ್ಬರೂ ಆಡಿದ ಮಾತುಗಳು ಒಂದೊಂದಾಗಿ ತಲೆಯೊಳಗೆ ಬಂದು ಸಾಲಾಗಿ ನಿಂತವು.

ಎದ್ದು ಮೈಕಿನ ಬಳಿ ಬಂದರು. “ನಾನು... ನಾನು ಎಲ್ಲಿಗೂ ಹೋಗ್ತಾ ಇಲ್ಲ. ಬೈಯೋದನ್ನ ಬಿಡ್ತೀನಿ ಅಂದೆ. ಕಾಲೇಜು ಬಿಡ್ತೀನಿ ಅನ್ನಲಿಲ್ಲ.”

ಮದುವೆ ಮನೆಯಲ್ಲಿ ಕರೆಂಟು ಹೋದಂತಾಯಿತು. ಅಷ್ಟು ಹೊತ್ತು ಪ್ರೀತಿ ತುಳುಕುತ್ತಿದ್ದ ಮುಖಗಳೆಲ್ಲ ಒಂದನ್ನೊಂದು ನೋಡಿಕೊಂಡವು. ದಿಲೀಪ್ ಮೊದಲು ನೋಡಿದ್ದು ಕುರ್ಚಿಯನ್ನು. ಸಿದ್ದು ಎದ್ದು ನಿಂತು, ಹೆದರಿಕೊಂಡೇ ಕೇಳಿದ:

“ಹಂಗಾದ್ರೆ ನಾಳೆ ಟೆಸ್ಟು ಇದೆಯಾ ಸಾರ್?”

ಕರಿಬಸವಯ್ಯನವರಿಗೆ ಈಗ ಅರ್ಥವಾಯಿತು. ಅಂದರೆ ಇವರೆಲ್ಲ ಅತ್ತದ್ದು ತಾನು ಹೋಗುತ್ತೇನೆಂದು. ಹೋಗುವವನ ಮೇಲೆ ಯಾರಿಗೆ ತಾನೇ ಸಿಟ್ಟು? ಇರುವವನ ಜೊತೆ ಏಗುವುದಲ್ಲವೆ ಕಷ್ಟ. ಶಾಲು ತೆಗೆದು ಮಡಚತೊಡಗಿದರು.

“ಇವತ್ತಿನ ಮಾತೆಲ್ಲ ವಾಪಸ್ ತಗೊಳ್ಳಿ ಮಕ್ಕಳೇ. ಬೇಜಾರಿಲ್ಲ,” ಎಂದರು. “ಆದ್ರೆ ಅಕ್ಷತಾ, ನೀನು ಹೇಳಿದ್ದು ನನ್ನ ಹತ್ರಾನೇ ಇರಲಿ. ತಪ್ಪಾಯ್ತಮ್ಮ. ನಾಳೆ ಕ್ಲಾಸಲ್ಲಿ ಕೈ ಎತ್ತು. ಉತ್ತರ ತಪ್ಪಾದ್ರೂ ಸರಿ, ಎತ್ತು.”

ಅಕ್ಷತಾ ಕೂತಲ್ಲಿಂದಲೇ, ಅಲ್ಲೇ, ಕೈ ಎತ್ತಿದಳು. “ಸಾರ್, ನಾಳೆ ಯಾಕೆ, ಈಗ್ಲೇ ಒಂದು ಡೌಟು ಕೇಳ್ಲಾ?”

ಯಾರೋ ಕಿಸಕ್ಕೆಂದರು. ಇನ್ಯಾರೋ ಚಪ್ಪಾಳೆ ತಟ್ಟಿದರು. ನೋಡನೋಡುತ್ತ ಹಾಲಿಗೆ ಹಾಲೇ ನಗತೊಡಗಿತು. ಕರಿಬಸವಯ್ಯನವರು ವೇದಿಕೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತು, ಅಕ್ಷತಾಳ ಡೌಟಿಗೆ ಉತ್ತರ ಹೇಳಿದರು. ಮಕ್ಕಳು ಸುತ್ತ ಮುತ್ತಿಕೊಂಡರು. ಹಣ್ಣಿನ ತಟ್ಟೆ ಖಾಲಿಯಾಯಿತು. ಬೆಳಗ್ಗೆ ಕೇಳದೆ ಉಳಿದಿದ್ದ ಹೆಸರುಗಳನ್ನೆಲ್ಲ ಕೇಳಿದರು, ತಪ್ಪು ಹೇಳಿ ಬೈಸಿಕೊಂಡರು. “ನಾನು ಸಿದ್ದು ಸಾರ್, ಮರ್ತೇಬುಟ್ರಾ?” ಎಂದು ಅವನು ಗದರಿದಾಗ ಕಿವಿ ಹಿಡಿದುಕೊಂಡರು. “ಪೇಟ ಕೊಡಿ ಸಾರ್, ರಾತ್ರಿ ರಿಸೆಪ್ಶನ್‌ಗೆ ಬೇಕು, ನಮ್ಮಪ್ಪ ಕಾಯ್ತಿರ್ತಾರೆ,” ಎಂದು ಚೈತನ್ಯ ಅದನ್ನು ಎತ್ತಿಕೊಂಡು ಓಡಿದ. “ನಾಳೆ ಸಿಗ್ತೀವಿ ಸಾರ್, ಡೌಟು ಬಾಕಿ ಇದೆ,” ಎನ್ನುತ್ತ ಉಳಿದವರೂ ಹೊರಟರು.

ಇಷ್ಟು ವರ್ಷಗಳಲ್ಲಿ ‘ನಾಳೆ ಸಿಗ್ತೀವಿ ಸಾರ್’ ಎಂದು ಅವರಿಗೆ ಯಾವ ಮಗುವೂ ಹೇಳಿರಲಿಲ್ಲ.

ಹಾಲು ಖಾಲಿಯಾದ ಮೇಲೆ ನೋಡಿದರೆ ಮೂಲೆಯಲ್ಲಿ ಸರೋಜಮ್ಮನವರು ಒಬ್ಬರೇ ತಲೆಯ ಮೇಲೆ ಕೈಹೊತ್ತು ಕುಳಿತಿದ್ದರು.

“ಕರಿಬಸವಯ್ಯನವರೇ, ನಾನು ಸೆಕ್ರೆಟರಿಯವರಿಗೆ ಹೇಳಿಬಿಟ್ಟೆ. ನೀವೇ ಹೇಳಿ ಅಂದ್ರಲ್ಲ.”

“ಹೋಗಲಿ ಬಿಡಿ ಮೇಡಂ, ತಪ್ಪು ತಿಳ್ಕೊಂಡ್ವಿ ಅಂದ್ರಾಯ್ತು.”

“ಅವರ ತಂಗಿ ಮಗ ನಿಶಾಂತ್ ಎಮ್ಮೆಸ್ಸಿ ಮುಗಿಸಿ ಮನೇಲಿ ಕೂತಿದ್ದ. ಮಧ್ಯಾಹ್ನವೇ ಅವನಿಗೆ ಆರ್ಡರು ಕೊಟ್ಟುಬಿಟ್ರು. ಮನೆಯವರೆಲ್ಲ ಬೆಟ್ಟಕ್ಕೆ ಹೋಗಿ ಪೂಜೆನೂ ಮಾಡಿಸ್ಕೊಂಡು ಬಂದ್ರಂತೆ.”

ಕರಿಬಸವಯ್ಯನವರು ಅಲ್ಲಿಂದಲೇ ಸೆಕ್ರೆಟರಿಗೆ ಫೋನು ಮಾಡಿದರು. ಆ ಕಡೆಯಿಂದ ನಯವಾದ ದನಿ ಬಂತು. “ರೀ ಸ್ವಾಮಿ, ಪೇಟ ಇಟ್ಕೊಂಡು, ಹಾರ ಹಾಕಿಸ್ಕೊಂಡು ಕೂತಿರೋ ನಿಮ್ಮ ಫೋಟೋ ನನ್ನ ಫೋನಿಗೇ ಬಂದಿದೆ. ಬೀಳ್ಕೊಡುಗೆ ಮಾಡಿಸ್ಕೊಂಡ ಮೇಲೆ ಹೋಗಲ್ಲ ಅಂದ್ರೆ ಹೆಂಗೆ? ಬೇಕಾದ್ರೆ ಒಂದು ಕೆಲಸ ಮಾಡಿ. ಕಡಕೊಳದಲ್ಲಿ ನಮ್ಮ ಇನ್ನೊಂದು ಕಾಲೇಜಿದೆ. ಫಿಸಿಕ್ಸಿಗೆ ಅಲ್ಲಿ ಜನ ಇಲ್ಲ. ನಾಳೆಯಿಂದಲೇ ಹೋಗಿ. ಇಲ್ದಿದ್ರೆ ನಿಮ್ಮಿಷ್ಟ.”

ಮನೆಯಲ್ಲಿ ಪಾರ್ವತಮ್ಮ ಎಲ್ಲವನ್ನೂ ಕೇಳಿದರು. ನಗಬೇಕೋ ಅಳಬೇಕೋ ತಿಳಿಯದೆ ಮುದುಡಿದ ಹಾರವನ್ನು ದೇವರ ಗೂಡಿನ ಪಕ್ಕಕ್ಕೆ ತೂಗುಹಾಕಿದರು.

“ಕೆಲಸ ಉಳೀತಲ್ಲ ಬಿಡ್ರೀ.”

“ಕೆಲಸದ ಮಾತಲ್ಲ ಕಣೆ. ಎಲ್ಲಿಗೂ ಹೋಗಲ್ಲ ಅಂತ ಮಕ್ಕಳಿಗೆ ಮೈಕಲ್ಲಿ ಹೇಳಿ ಬಂದಿದೀನಿ.”

ಮಂಗಳವಾರ ಬೆಳಗ್ಗೆ ಬಸ್ಸು ನಂಜನಗೂಡು ರಸ್ತೆ ಹಿಡಿದಾಗ ಅವರು ಕಿಟಕಿಗೆ ತಲೆಯಾನಿಸಿ ಕುಳಿತರು. ಈಗ ಮೊದಲ ಗಂಟೆ ಹೊಡೆದಿರುತ್ತದೆ. ಬೋರ್ಡಿನ ಮುಂದೆ ನಿಶಾಂತ್ ನಿಂತಿರುತ್ತಾನೆ. ಅಕ್ಷತಾ ಎತ್ತಿದ ಕೈ ಹಾಗೇ ಇಳಿಸಿರುತ್ತಾಳೆ. ‘ಎಲ್ಗೂ ಹೋಗಲ್ಲ ಅಂತ ಸುಳ್ಳು ಹೇಳ್ಬುಟ್ರು ಕಣ್ರೋ’ ಎಂದು ಸಿದ್ದು ಅಂದಿರುತ್ತಾನೆ. ಬೈಯುತ್ತಿದ್ದಾಗ ಅವರು ಒಂದು ದಿನವೂ ಸುಳ್ಳು ಹೇಳಿದವರಲ್ಲ.

ಕಡಕೊಳದ ಕಾಲೇಜು ಕಾರ್ಖಾನೆಗಳ ಬೆನ್ನಿಗಿತ್ತು. ತರಗತಿಯ ಬಾಗಿಲಲ್ಲಿ ನಿಂತಾಗ ನಗು ತಾನಾಗಿಯೇ ಬಂತು, ಅಭ್ಯಾಸ ಬೇಕಾಗಲಿಲ್ಲ. ಮುಂದಿನ ಬೆಂಚಿನಲ್ಲಿ ಕುಳಿತಿದ್ದ ಹುಡುಗಿಯ ಬಳಿ ಹೋಗಿ ಕೇಳಿದರು:

“ನಿನ್ನ ಹೆಸರೇನಮ್ಮ?”

ಹುಡುಗಿ ಎದ್ದು ನಿಂತಳು. ಹೆದರಿಕೆಯಿರಲಿಲ್ಲ, ನಗುವೂ ಇರಲಿಲ್ಲ. ಸಂತೆಯಲ್ಲಿ ಸುಮ್ಮನೆ ಬೆಲೆ ಕೇಳಿ ಹೋಗುವವರನ್ನು ನೋಡುವಂತೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಹೇಳ್ತೀನಿ ಸಾರ್. ಆದ್ರೆ ನೀವೆಷ್ಟು ದಿನ ಇರ್ತೀರಿ? ಈ ವರ್ಷ ಬಂದ ಮೇಷ್ಟ್ರೆಲ್ಲ ಮೊದಲ ದಿನ ನಕ್ಕೊಂಡು ಹೆಸರು ಕೇಳಿದ್ರು. ನಾವೂ ಹೇಳಿದ್ವಿ. ಹೆಸರು ಬಾಯಿಗೆ ಬರೋ ಹೊತ್ತಿಗೆ ಬಿಟ್ಟು ಹೊರಟೋದ್ರು.”

ಎಲ್ಲಿಗೂ ಹೋಗಲ್ಲ ಎಂಬ ಮಾತು ಕರಿಬಸವಯ್ಯನವರ ನಾಲಗೆಯ ತುದಿಗೆ ಬಂದು ಅಲ್ಲೇ ನಿಂತಿತು. ನಿನ್ನೆಯಷ್ಟೇ ಖರ್ಚಾಗಿಹೋದ ಮಾತು ಅದು.

“ಕೂತ್ಕೊಮ್ಮ,” ಎಂದರು. ಹೆಸರು ಕೇಳಿಸಿಕೊಳ್ಳದೆಯೇ ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಕಡೆ ತಿರುಗಿದರು.